ಇಪ್ಪತ್ತನಾಲ್ಕು ಚಿತ್ರಗಳು ಮತ್ತು ಕಮಲಾಪುರದ ಬಾಳೆಹಣ್ಣು

ಆರು ವರ್ಷ ನಾನು ಚಿತ್ರಗಳನ್ನು ಹಿಂಡುವ ಕೆಲಸ ಮಾಡಿದ್ದೇನೆ. ಹಾಗೆಂದರೆ ಏನೆಂದು ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ನಮ್ಮ ವಿಭಾಗದಲ್ಲೇ ಅರ್ಧ ಜನಕ್ಕೆ ಅರ್ಥವಾಗಿರಲಿಲ್ಲ, ಆದರೆ ಅವರು ಎಲ್ಲಿ ತಲೆ ಆಡಿಸಬೇಕು ಎಂಬುದನ್ನು ಕಲಿತಿದ್ದರು. ನೀವು ಮೊಬೈಲಿನಿಂದ ಒಂದು ಫೋಟೊ ಅಥವಾ ವಿಡಿಯೊ ಕಳಿಸಿದರೆ ಅದು ಇದ್ದ ಹಾಗೇ ಹೋಗುವುದಿಲ್ಲ. ಮೊದಲು ಅದನ್ನು ಹಿಂಡಿ, ಸಣ್ಣ ಗಂಟು ಕಟ್ಟಿ ಕಳಿಸಲಾಗುತ್ತದೆ. ಆ ಕಡೆಯ ಮೊಬೈಲು ಗಂಟು ಬಿಚ್ಚಿ ಚಿತ್ರ ತೋರಿಸುತ್ತದೆ. ಈ ಗಂಟು ಕಟ್ಟುವ ಕೊನೆಯ ಹಂತಕ್ಕೆ ಅರಿತ್ಮೆಟಿಕ್ ಕೋಡಿಂಗ್ ಎಂದು ಹೆಸರು. ಅದನ್ನು ಇನ್ನಷ್ಟು ಬಿಗಿ ಮಾಡುವುದು ಹೇಗೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಕಲಬುರಗಿಯ ಸೇಡಂ ರಸ್ತೆಯ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಅಲ್ಲಿಯ ಲ್ಯಾಬಿನಲ್ಲೇ, ಅಲ್ಲಿಯ ಒಬ್ಬ ಗೈಡ್ ಕೆಳಗೆ ನಾನು ಈ ಗಂಟಿನ ಜೊತೆ ಗುದ್ದಾಡುತ್ತಿದ್ದೆ.

ಅಪ್ಪನಿಗೆ ಇದನ್ನು ಹೊಲದ ಪಾಲಿನ ಮಾತಿನಲ್ಲಿ ಹೇಳಿದ್ದೆ. ಸೊನ್ನೆಯಿಂದ ಒಂದರವರೆಗೆ ಒಂದು ಹೊಲ ಅನ್ನಿ. ಚಿತ್ರದಲ್ಲಿ ಮುಂದೆ ಏನೇನು ಬರಬಹುದೋ ಅಷ್ಟಕ್ಕೂ ಅದರಲ್ಲಿ ಪಾಲು. ಪದೇ ಪದೇ ಬರುವುದಕ್ಕೆ ಅಗಲವಾದ ಪಾಲು, ಅಪರೂಪಕ್ಕೆ ಬರುವುದಕ್ಕೆ ಬದುವಿನಷ್ಟು. ಯಾವುದು ಬಂತೋ ಅದರ ಪಾಲಿನೊಳಗೆ ಇಳಿದು, ಅದನ್ನೇ ಮತ್ತೆ ಅದೇ ರೀತಿ ಪಾಲು ಮಾಡುವುದು. ಹೀಗೆ ಇಳಿಯುತ್ತ ಹೋದರೆ ಚಿತ್ರ ಮುಗಿಯುವ ಹೊತ್ತಿಗೆ ಹೊಲದ ಒಂದು ಚೂರಿನ ಮೇಲೆ ಬಂದು ನಿಂತಿರುತ್ತೇವೆ. ಆ ಚೂರಿನ ವಿಳಾಸವೇ ಇಡೀ ಚಿತ್ರ. ಚೂರು ಅಗಲವಿದ್ದರೆ ವಿಳಾಸ ಗಿಡ್ಡ, ಕಿರಿದಾಗಿದ್ದರೆ ಉದ್ದ. ಮುಂದೆ ಬರುವುದನ್ನು ಸರಿಯಾಗಿ ಊಹಿಸಿದವರ ಗಂಟು ಸಣ್ಣದಾಗುತ್ತದೆ. ಎಲ್ಲರೂ ನಿರೀಕ್ಷಿಸಿದ್ದು ಬಂದರೆ ಅದನ್ನು ಹೇಳಲು ಖರ್ಚೇ ಇಲ್ಲ, ಯಾರೂ ನಿರೀಕ್ಷಿಸದ್ದು ಬಂದರೆ ಮಾತ್ರ ಖರ್ಚು.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್ ಆಗಿ ನಿವೃತ್ತರಾದವರು, ಹೊಲ ಇಲ್ಲದವರು. ಎಲ್ಲವನ್ನೂ ಕೇಳಿಸಿಕೊಂಡು, "ಖರೇ ಹೊಲದಾಗೂ ಹಿಂಗೇ ಆಗ್ಯಾದ ಬಿಡು. ಮೊದಲೇ ಇದ್ದವರಿಗೇ ಅಗಲ ಪಾಲು" ಅಂದರು. ಗೈಡ್ ಹತ್ತಿರ ಹೋಗಿ ನನಗೆ ಆರು ತಿಂಗಳಿಗೆ ತಿಳಿದದ್ದು ಅಪ್ಪನಿಗೆ ಒಂದು ಚಹಾ ಮುಗಿಯುವುದರೊಳಗೆ ತಿಳಿಯಿತು.

ಕಲಬುರಗಿಯ ಜನಕ್ಕಂತೂ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ನನಗೆ ಕೆಲಸ ಸಿಕ್ಕ ಹೊಸದರಲ್ಲಿ ಶಹಾಬಜಾರದ ಒಂದು ಓಣಿಯಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮನೆಯೊಡತಿ ಬಹಳ ಪ್ರೀತಿಯಿಂದ ಚಹಾ ಕೊಟ್ಟರು. ನಳದ ನೀರು ಯಾವಾಗ ಬರುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು ಎಲ್ಲ ಹೇಳಿದರು. ಆಮೇಲೆ ಸಾವಕಾಶವಾಗಿ ಕೇಳಿದರು:

"ನಿಮ್ಮ ಊರು ಯಾವ್ದ್ರಿ?"

"ಕಮಲಾಪುರ ರೀ."

"ಛಲೋ ಆತು. ಅಡ್ಡಹೆಸರು ಏನ್ ಹಚ್ಕೋತೀರಿ?"

"ಅಡ್ಡಹೆಸರು ಇಲ್ರಿ. ಊರ ಹೆಸರೇ ಬರೀತೀವಿ."

"ಹೌದಾ. ಕಮಲಾಪುರದಾಗ ಯಾವ ಓಣಿ ಅಂದ್ರಿ?"

ಹೇಳಿದೆ. ನಮ್ಮದು ಬೌದ್ಧರ ಓಣಿ. ಅಜ್ಜನ ಕಾಲಕ್ಕೆ ಧರ್ಮ ಬದಲಾಯಿತು, ಓಣಿ ಬದಲಾಗಲಿಲ್ಲ. ಕಪ್ಪಿನಲ್ಲಿ ಚಹಾ ಇನ್ನೂ ಬಿಸಿ ಇರುವಾಗಲೇ ಆಕೆಗೆ ಆ ಮನೆಗೆ ತನ್ನ ತಮ್ಮನ ಸಂಸಾರ ಬರಲಿರುವುದು ನೆನಪಾಯಿತು. ಮೂರೇ ಪ್ರಶ್ನೆಯಲ್ಲಿ ಒಂದು ಮನೆತನವನ್ನೇ ಗಂಟು ಕಟ್ಟಿ ಬಾಗಿಲ ಹೊರಗಿಡುವ ಇಂಥ ಯಂತ್ರವನ್ನು ನಾನು ಯಾವ ಸಂಶೋಧನಾ ಪತ್ರಿಕೆಯಲ್ಲೂ ನೋಡಿಲ್ಲ. ಕೊನೆಗೆ ನನಗೆ ಕುಸನೂರಿನಲ್ಲಿ ಒಂದು ಕೋಣೆ ಸಿಕ್ಕಿತು. ಅದರ ಮಾಲೀಕರು ಬೇರೆ ಊರಿನಲ್ಲಿದ್ದರು, ಫೋನಿನಲ್ಲಿ ಮಾತಾಡಿದರು, ಅವರಿಗೆ ಓಣಿ ಕೇಳುವಷ್ಟು ಪುರುಸೊತ್ತು ಇರಲಿಲ್ಲ.

ಇನ್ನು ನಮ್ಮ ಗೈಡ್. ನನ್ನ ಪ್ರಬಂಧ ಮುಗಿಯುವ ಹೊತ್ತಿಗೆ ನಿವೃತ್ತಿಗೆ ವರ್ಷವೊಂದು ಉಳಿದಿದ್ದ ಹಿರಿಯರು. ಇಸ್ತ್ರಿ ಮುರಿಯದ ಅಂಗಿ, ನಿಧಾನವಾದ ಇಂಗ್ಲಿಷು, ಯಾವ ಪ್ರಶ್ನೆಗೂ "ವೆರಿ ಗುಡ್ ಕ್ವೆಶ್ಚನ್" ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗುವ ಅಭ್ಯಾಸ. ಅವರ ಕೈಕೆಳಗೆ ಏಳು ಜನ ಡಾಕ್ಟರ್ ಆಗಿದ್ದರು. ಏಳೂ ಜನರ ಫೋಟೊ ಅವರ ಕೋಣೆಯ ಗೋಡೆಯ ಮೇಲೆ ಸಾಲಾಗಿ ಇದ್ದವು. ನನ್ನನ್ನು ಅವರು ತೆಗೆದುಕೊಂಡಿದ್ದು ಯಾಕೆಂದರೆ ಆ ವರ್ಷ ಆ ಮೀಸಲು ಸೀಟನ್ನು ಬೇರೆ ಯಾರಿಗೂ ಕೊಡಲು ಬರುತ್ತಿರಲಿಲ್ಲ. ಇದನ್ನು ಅವರು ಮುಚ್ಚಿಡಲಿಲ್ಲ. ಮೊದಲ ದಿನವೇ "ನೋಡಮ್ಮ, ಸೀಟು ನಿಮಗ ಹ್ಯಾಂಗೂ ಬರ್ತದ, ಕೆಲಸ ಬರಬೇಕು" ಅಂದಿದ್ದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಇಂದಿಗೂ ದೂರಿಲ್ಲ.

ಲ್ಯಾಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಇಪ್ಪತ್ತನಾಲ್ಕು ಚಿತ್ರಗಳಿದ್ದವು. ಎರಡು ಗಿಳಿ, ಒಂದು ದೀಪಸ್ತಂಭ, ದೋಣಿಗಳು, ಬಣ್ಣಬಣ್ಣದ ಟೋಪಿಗಳು, ಯಾವುದೋ ತಂಪು ದೇಶದ ಒಂದು ಮರದ ಮನೆ. ಗೈಡ್ ತಮ್ಮ ಸ್ವಂತ ಪಿಎಚ್‌ಡಿಗೆ ಇವುಗಳನ್ನೇ ಬಳಸಿದ್ದರಂತೆ. ಅವರು ಅದನ್ನು ಮೊದಲ ಶಿಷ್ಯನಿಗೆ ಕೊಟ್ಟರು, ಮೊದಲ ಶಿಷ್ಯ ಎರಡನೆಯವನಿಗೆ. ಹೀಗೆ ಏಳನೆಯವರಿಂದ ಅದು ನನ್ನ ಕೈಗೆ ಬಂತು. ಏಳನೆಯವರು ಈಗ ನಮ್ಮ ವಿಭಾಗದಲ್ಲೇ ನನ್ನ ಹಿರಿಯ ಸಹೋದ್ಯೋಗಿ. ಕೊಡುವಾಗ ಎರಡೂ ಕೈಯಿಂದ ಕೊಟ್ಟರು. "ಇದನ್ನ ಕಳೀಬ್ಯಾಡ್ರಿ ಮೇಡಂ, ನಮ್ಮ ಲ್ಯಾಬ್ ನಿಂತಿದ್ದೇ ಇದರ ಮ್ಯಾಲ" ಅಂದರು. ದಸರೆಯ ಖಂಡೇ ಪೂಜೆಯ ದಿನ ಕಂಪ್ಯೂಟರುಗಳಿಗೆಲ್ಲ ಕುಂಕುಮ ಹಚ್ಚುವಾಗ ಈ ಪೆನ್‌ಡ್ರೈವಿಗೂ ಒಂದು ಬೊಟ್ಟು ಇಡುತ್ತಿದ್ದರು. ಒಂದು ವರ್ಷ ಕುಂಕುಮ ಒಳಗೆ ಹೋಗಿ ಅದು ಓದಲು ನಿರಾಕರಿಸಿತು. ಆ ಎರಡು ದಿನ ಗೈಡ್ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಕೆಲಸದ ಪದ್ಧತಿಯೂ ಹೀಗೇ ಕೈಯಿಂದ ಕೈಗೆ ಬಂದದ್ದು. ಮೊದಲು ಆ ಇಪ್ಪತ್ತನಾಲ್ಕು ಚಿತ್ರಗಳನ್ನು ಓದಿಸಿ, ಏನಾದ ಮೇಲೆ ಏನು ಬರುತ್ತದೆ ಎಂದು ಒಂದು ದೊಡ್ಡ ಊಹೆಯ ಪಟ್ಟಿ ಮಾಡಬೇಕು. ಆಮೇಲೆ ಆ ಪಟ್ಟಿಯನ್ನು ಗಂಟು ಕಟ್ಟುವ ಪ್ರೋಗ್ರಾಮಿನಲ್ಲೂ ಗಂಟು ಬಿಚ್ಚುವ ಪ್ರೋಗ್ರಾಮಿನಲ್ಲೂ ಇಟ್ಟು, ಅದೇ ಇಪ್ಪತ್ತನಾಲ್ಕು ಚಿತ್ರಗಳನ್ನು ಹಿಂಡಿ, ಎಷ್ಟು ಉಳಿತಾಯವಾಯಿತು ಎಂದು ಬರೆಯಬೇಕು. ಹಿಂದಿನವರ ಪಟ್ಟಿಗಿಂತ ನಮ್ಮ ಪಟ್ಟಿ ಉದ್ದವಾದಷ್ಟೂ ಉಳಿತಾಯ ಹೆಚ್ಚು. ಪ್ರತಿ ಶಿಷ್ಯನೂ ಹಿಂದಿನವನಿಗಿಂತ ಸ್ವಲ್ಪ ಮೇಲೆ ಹೋಗಿದ್ದ. ನಾನು ಐದು ವರ್ಷ ಕೂತು, ಕಣ್ಣು ಕೆಂಪಾಗಿಸಿಕೊಂಡು, ಎಲ್ಲರಿಗಿಂತ ಉದ್ದದ ಪಟ್ಟಿ ಮಾಡಿದೆ. ಮಾಮೂಲಿ ವಿಧಾನಕ್ಕಿಂತ ನನ್ನ ಗಂಟು ನೂರಕ್ಕೆ ಹನ್ನೊಂದು ಪಾಲು ಸಣ್ಣದಾಗಿ ಬಂತು. ಈ ವಿದ್ಯೆಯಲ್ಲಿ ನೂರಕ್ಕೆ ಎರಡು ಸಿಕ್ಕರೆ ದೊಡ್ಡ ದೊಡ್ಡ ಕಂಪನಿಯವರು ಪಾರ್ಟಿ ಮಾಡುತ್ತಾರೆ. ನನಗೆ ಹನ್ನೊಂದು ಸಿಕ್ಕಾಗ ಯಾಕೆ ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಖುಷಿಯಲ್ಲಿದ್ದೆ.

ಗೈಡ್ ಕೂಡ ಖುಷಿಯಲ್ಲಿದ್ದರು. "ಹನ್ನೊಂದು" ಎಂಬುದನ್ನು ವಿಭಾಗದ ಮುಖ್ಯಸ್ಥರಿಗೆ, ಪ್ರಿನ್ಸಿಪಾಲರಿಗೆ, ಒಮ್ಮೆ ಕ್ಯಾಂಟೀನಿನವನಿಗೂ ಹೇಳಿದರು. ಎಲ್ಲಿಯೂ ನನ್ನ ಹೆಸರು ಹೇಳಲಿಲ್ಲ, "ನಮ್ಮ ಲ್ಯಾಬ್ ಹನ್ನೊಂದು ಮಾಡ್ಯಾದ" ಎನ್ನುತ್ತಿದ್ದರು. ಪ್ರಬಂಧ ಒಪ್ಪಿಸುವ ಮುಂಚಿನ ಸಭೆಗೆ ದಿನ ಗೊತ್ತು ಮಾಡಿದರು. ನನಗೆ ಕೊಟ್ಟ ಕೊನೆಯ ವಾಯಿದೆ ಆ ತಿಂಗಳಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಸಭೆಯಲ್ಲಿ ಪಾಸಾಗಿ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಆರು ವರ್ಷ ನೀರಿಗೆ.

ಸಭೆಗೆ ಹತ್ತು ದಿನ ಇರುವಾಗ ಒಂದು ರವಿವಾರ ಕಮಲಾಪುರಕ್ಕೆ ಹೋದೆ. ಅವ್ವ ಬಸ್‌ಸ್ಟ್ಯಾಂಡ್ ಹತ್ತಿರ ಹುಮನಾಬಾದ ರಸ್ತೆಯ ಮಗ್ಗುಲಿಗೆ ತಾಡಪತ್ರಿ ಕಟ್ಟಿಕೊಂಡು ಬಾಳೆಹಣ್ಣು ಮಾರುತ್ತಾಳೆ. ನಮ್ಮೂರ ಕೆಂಪು ಬಾಳೆಹಣ್ಣು. ಬಸ್ಸಿನಲ್ಲಿ ಬಂದವರು ಕಿಟಕಿಯಿಂದಲೇ ಇಳಿಯುವ ಹಾಗೆ ಕೈ ಚಾಚುತ್ತಾರೆ, ರೇಟು ಕೇಳಿ ಕೈ ಒಳಗೆ ಎಳೆದುಕೊಳ್ಳುತ್ತಾರೆ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಅಪ್ಪ ಬುತ್ತಿ ತಂದು ಅಲ್ಲೇ ಕೂತಿದ್ದರು. ನನ್ನ ಹೆಗಲಲ್ಲಿ ಲ್ಯಾಪ್‌ಟಾಪ್ ಇತ್ತು.

"ಆರು ವರ್ಷ ಆತಲ್ಲ, ಏನ್ ಮಾಡೀದಿ ಅಂತ ಒಮ್ಮೆ ತೋರ್ಸು" ಅಂದರು ಅಪ್ಪ. "ಮಂದಿ ಕೇಳ್ತಾರ, ನಾ ಹೊಲದ ಪಾಲಿನ ಕತಿನೇ ಎಷ್ಟ್ ಸಲ ಹೇಳ್ಲಿ?"

ನನಗೂ ತೋರಿಸುವ ಹುಮ್ಮಸ್ಸು. ಅವ್ವನ ಹಣ್ಣಿನ ರಾಶಿಯ ಫೋಟೊ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಎಡಕ್ಕೆ ಎಲ್ಲರೂ ಬಳಸುವ ಮಾಮೂಲಿ ವಿಧಾನದ ಗಂಟು, ಬಲಕ್ಕೆ ನನ್ನದು, ಕೆಳಗೆ ಎರಡರ ಗಾತ್ರ. "ಬಲಗಡೀದು ಸಣ್ಣದು ಬರ್ತದ ನೋಡ್ರಿ" ಎಂದು ಮೊದಲೇ ಹೇಳಿ ಗುಂಡಿ ಒತ್ತಿದೆ.

ಅಪ್ಪ ಚಷ್ಮಾ ಹಾಕಿಕೊಂಡು ಎರಡೂ ಅಂಕಿಗಳನ್ನು ಓದಿದರು. ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಹೊತ್ತವರು, ಅಂಕಿ ತಪ್ಪುವುದಿಲ್ಲ. "ಬಲಗಡೀದೇ ದೊಡ್ಡದು ಅದಲ್ಲ" ಅಂದರು.

ನೋಡಿದೆ. ಹೌದು, ನನ್ನ ಗಂಟೇ ದೊಡ್ಡದು. ಸ್ವಲ್ಪ ಅಲ್ಲ, ನಾಚಿಕೆಯಾಗುವಷ್ಟು ದೊಡ್ಡದು.

ಅವ್ವ ಹಣ್ಣಿನ ಮೇಲಿನ ನೊಣ ಹೊಡೆಯುತ್ತ, "ಆರು ವರ್ಷ ಕುಂತು ದಪ್ಪ ಮಾಡೋದು ಕಲ್ತಿ ಏನ್ ಯವ್ವಾ?" ಅಂದಳು. ಆಕೆಗೆ ಅದರಲ್ಲಿ ದುಃಖವೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

ನಾನು ಬಿಸಿಲನ್ನು ಬೈದೆ, ತಾಡಪತ್ರಿಯ ನೀಲಿ ಬಣ್ಣವನ್ನು ಬೈದೆ, ಮೊಬೈಲಿನ ಕ್ಯಾಮೆರಾವನ್ನು ಬೈದೆ. ಕಲಿತವರಿಗೆ ಬೈಯಲು ವಸ್ತುಗಳ ಕೊರತೆ ಇರುವುದಿಲ್ಲ. ರಸ್ತೆಯ ಫೋಟೊ ತೆಗೆದೆ, ನಿಂತ ಬಸ್ಸಿನದು ತೆಗೆದೆ, ಅಪ್ಪನದು, ಅವ್ವನದು ತೆಗೆದೆ. ಒಂದೊಂದನ್ನೇ ಹಿಂಡಿದೆ. ಪ್ರತಿ ಸಲವೂ ನನ್ನದೇ ದಪ್ಪ. ಅವ್ವನ ಮುಖ ಎಲ್ಲಕ್ಕಿಂತ ದಪ್ಪ. ಕೊನೆಗೆ ಪೆನ್‌ಡ್ರೈವ್ ಚುಚ್ಚಿ ಗಿಳಿಯ ಚಿತ್ರ ಕೊಟ್ಟೆ. ಗಿಳಿ ಥಟ್ಟನೆ ನೂರಕ್ಕೆ ಹನ್ನೊಂದು ಪಾಲು ಸಣ್ಣದಾಗಿ ಕೂತಿತು.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ, ಊರ ದಿನ್ನೆ ದಾಟುವಷ್ಟರಲ್ಲಿ ನನಗೆ ಎಲ್ಲ ತಿಳಿಯಿತು. ತಿಳಿಯಬೇಕಾದ್ದು ದೊಡ್ಡದೇನೂ ಇರಲಿಲ್ಲ. ನನ್ನ ಪಟ್ಟಿ ಊಹೆ ಮಾಡಲು ಕಲಿತಿರಲಿಲ್ಲ, ಇಪ್ಪತ್ತನಾಲ್ಕು ಚಿತ್ರಗಳನ್ನು ಬಾಯಿಪಾಠ ಮಾಡಿತ್ತು. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನಷ್ಟೇ ಉರು ಹೊಡೆಸಿ, ಅದೇ ಪ್ರಶ್ನೆ ಕೊಟ್ಟು, ನೂರಕ್ಕೆ ನೂರು ಎಂದು ಗೇಟಿಗೆ ಬೋರ್ಡು ಹಾಕುವ ಶಾಲೆಗಳಿವೆಯಲ್ಲ, ನಮ್ಮದು ಅಂಥ ಲ್ಯಾಬು. ಗಂಟು ಸಣ್ಣದಾಗಿದ್ದು ನಿಜ. ಆದರೆ ಗಂಟಿನಿಂದ ತೆಗೆದ ಸಾಮಾನನ್ನು ಪಟ್ಟಿಯ ರೂಪದಲ್ಲಿ ಬಿಚ್ಚುವವನ ಮನೆಯಲ್ಲಿ ಮೊದಲೇ ಇಟ್ಟು ಬಂದಿದ್ದೆವು, ಆ ಪಟ್ಟಿಯ ಭಾರವನ್ನು ಯಾರೂ ತೂಗಿರಲಿಲ್ಲ. ಗಿಳಿ ಟೋಪಿಗಳಿಗೆ ಅಗಲ ಪಾಲು ಕೊಟ್ಟು, ಉಳಿದ ಲೋಕಕ್ಕೆಲ್ಲ ಬದುವಿನಷ್ಟು ಬಿಟ್ಟಿದ್ದೆವು. ಅವ್ವ ಆ ಬದುವಿನಲ್ಲಿ ಬಂದಿದ್ದಳು, ಆಕೆಯನ್ನು ಹೇಳಲು ನನ್ನ ಪ್ರೋಗ್ರಾಮಿಗೆ ಅಷ್ಟೊಂದು ಉದ್ದದ ವಿಳಾಸ ಬೇಕಾಯಿತು. ಏಳು ಜನ ಡಾಕ್ಟರುಗಳು ಇದೇ ಗಿಳಿಗಳ ಮೇಲೆ ಕೂತು ಪದವಿಗೆ ಹಾರಿದ್ದರು. ಹೊರಗಿನ ಒಂದು ಚಿತ್ರ ಕೊಟ್ಟು ನೋಡೋಣ ಎಂದು ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ, ಇದನ್ನು ನಾನು ಒಪ್ಪಿಕೊಳ್ಳಲೇಬೇಕು.

ಈಗ ನನ್ನ ಹೆದರಿಕೆ ಹೇಳುತ್ತೇನೆ. ಪದವಿ ಹೋದೀತು ಎಂಬುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ಬೇರೆ ಯಾರಾದರೂ ಎದ್ದು ನಿಂತು ತಮ್ಮ ಫಲಿತಾಂಶ ತಪ್ಪು ಎಂದರೆ ಅದು ಒಬ್ಬರ ತಪ್ಪು, ಜೊತೆಗೆ ಅವರ ಪ್ರಾಮಾಣಿಕತೆಗೆ ನಾಲ್ಕು ಜನ ಚಪ್ಪಾಳೆ ಹೊಡೆಯಬಹುದು. ನಾನು ಅದೇ ಮಾತು ಹೇಳಿದರೆ ವಿಭಾಗದವರು ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಾರೆ. ಅವರು ಮೊದಲ ದಿನದಿಂದ ಊಹಿಸಿಕೊಂಡದ್ದು ಕೊನೆಗೂ ಬಂತಲ್ಲ ಎಂಬ ನೆಮ್ಮದಿ. ನನ್ನ ನಂತರ ನಮ್ಮ ಓಣಿಯಿಂದ ಇನ್ನೊಬ್ಬಳು ಬಂದರೆ ಅವಳ ಮುಂದೆ ನನ್ನ ಕತೆ ಹೇಳುತ್ತಾರೆ. ಬಾಯಿ ಮುಚ್ಚಿಕೊಂಡರೆ ಹತ್ತು ದಿನದಲ್ಲಿ ಎಲ್ಲ ಮುಗಿದು, ಎಂಟನೆಯ ಫೋಟೊ ಗೋಡೆಗೆ ಏರುತ್ತದೆ. ಬಾಯಿ ಮುಚ್ಚಿಕೊಳ್ಳಬೇಕು ಎಂದು ನನಗೆ ಬಹಳ ಅನಿಸಿತು.

ಆದರೂ ಸೋಮವಾರ ಬೆಳಿಗ್ಗೆ ಗೈಡ್ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಬಾಳೆಹಣ್ಣಿನ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ಎಲ್ಲಿಂದ ತಂದ್ರಿ?"

"ಕಮಲಾಪುರದ್ದು ಸರ್. ನಮ್ಮ ಅವ್ವನ ಅಂಗಡಿ."

"ನೋಡಮ್ಮ, ಬಾಳೆಹಣ್ಣು ಸ್ಟ್ಯಾಂಡರ್ಡ್ ಇಮೇಜ್ ಅಲ್ಲ."

"ಜನ ಇಂಥವೇ ಫೋಟೊ ಕಳಸ್ತಾರಲ್ಲ ಸರ್. ಗಿಳಿ ಯಾರ್ ಕಳಸ್ತಾರ?"

"ಜನ ಕಳಸ್ತಾರ ಅಂತ ನಾವು ಸಂಶೋಧನೆ ಮಾಡಾಕ ಬರ್ತದೇನು? ಸ್ಟ್ಯಾಂಡರ್ಡ್ ಅಂದ್ರ ಸ್ಟ್ಯಾಂಡರ್ಡ್." ಅವರು ಚಷ್ಮಾ ತೆಗೆದು ಒರೆಸಿದರು. "ಇದು ನಮ್ಮ ಲ್ಯಾಬಿನ ಪದ್ಧತಿ. ನಾ ಹಾಕಿದ್ದಲ್ಲ, ನಮ್ಮ ಗುರುಗಳು ಹಾಕ್ಯಾರ. ಸಭಾದಾಗ ಈ ಹಣ್ಣಿನ ಅಂಗಡಿ ತೆಗೀಬ್ಯಾಡ್ರಿ. ನಿಮ್ಮ ಒಳ್ಳೇದಕ್ಕೇ ಹೇಳಾಕತ್ತೀನಿ."

ನನ್ನ ಒಳ್ಳೆಯದಕ್ಕೆ ಹೇಳುವವರು ಆ ವಾರ ಬಹಳ ಜನ ಸಿಕ್ಕರು. ಗೈಡ್ ಹೇಳಿ ಕಳಿಸಿದ್ದರೇನೋ, ಹಿರಿಯ ಸಹೋದ್ಯೋಗಿ ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ತಾವೇ ಮಿರ್ಚಿಭಜಿ ತರಿಸಿದರು. ಆರು ವರ್ಷದಲ್ಲಿ ಅವರ ಕೈಯಿಂದ ನನಗೆ ಸಿಕ್ಕ ಮೊದಲ ಭಜಿ ಅದು.

"ಮೇಡಂ, ನಿಮ್ದು ಒಬ್ಬರದ್ದೇ ಆಗಿದ್ದರ ನಾ ಏನೂ ಅಂತಿರ್ಲಿಲ್ಲ" ಅಂದರು. "ಇದು ಏಳು ಮಂದಿ ಮಾತು. ಪ್ರಮೋಷನ್ ಆಗ್ಯಾವ, ಮಕ್ಕಳ ಲಗ್ನ ಆಗ್ಯಾವ. ಒಬ್ಬರಂತೂ ಪ್ರಿನ್ಸಿಪಾಲ್ ಆಗ್ಯಾರ. ಈಗ ಗಿಳಿ ಸರಿ ಇಲ್ಲ ಅಂದ್ರ ಹ್ಯಾಂಗ್ರಿ?"

"ಗಿಳಿ ಸರಿ ಅವ ಸರ್. ನಾವು ಸರಿ ಇಲ್ಲ."

ಅವರು ನಕ್ಕರು, ಇನ್ನೊಂದು ಭಜಿ ನನ್ನ ತಟ್ಟೆಗೆ ಹಾಕಿದರು. "ನಿಮ್ಮ ಕಡೆಯವರಿಗೆ ಈಗ ಎಷ್ಟ್ ಅನುಕೂಲ ಅದ. ಸುಮ್ಕೆ ಯಾಕ ಕಾಲ ಮ್ಯಾಲ ಕಲ್ಲು ಹಾಕ್ಕೋತೀರಿ?" ಎಂದರು. ಭಜಿ ಬಿಸಿಯಾಗಿತ್ತು, ಚೆನ್ನಾಗಿಯೂ ಇತ್ತು. ತಿಂದೆ. ನನಗೆ ಯಾವುದು ನಿರ್ಧಾರ ಮಾಡಿಸಿತು ಎಂದು ಯಾರಾದರೂ ಕೇಳಿದರೆ "ನಿಮ್ಮ ಕಡೆಯವರು" ಎಂಬ ಆ ಮಾತು ಎನ್ನುತ್ತೇನೆ. ಸತ್ಯದ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಖರೆ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು.

ಸಭೆಯ ದಿನ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ನನ್ನ ಪ್ರಬಂಧದ ಕರಡು, ಅದರ ತುಂಬ ಪೆನ್ಸಿಲ್ ಗೆರೆ. ಅವರು ಅದನ್ನು ನಿಜವಾಗಿಯೂ ಓದಿದ್ದಾರೆ ಎಂಬುದು ಗೊತ್ತಾದಾಗ ನಮ್ಮ ವಿಭಾಗದಲ್ಲಿ ಒಂದು ಸಣ್ಣ ಗಾಬರಿ ಹುಟ್ಟಿತು. ಮುಂದಿನ ಸಾಲಿನಲ್ಲಿ ಗೈಡ್, ಅವರ ಪಕ್ಕ ಹಿರಿಯ ಸಹೋದ್ಯೋಗಿ, ಹಿಂದೆ ಉಳಿದವರು. ನಾನು ಮುಕ್ಕಾಲು ಗಂಟೆ ಎಲ್ಲರ ಹಾಗೇ ಮಾತಾಡಿದೆ. ಹನ್ನೊಂದು ಬಂದಾಗ ಗೈಡ್ ತಲೆ ಆಡಿಸಿದರು. ಅವರು ತಲೆ ಆಡಿಸಿ ಮುಗಿಸುವುದರೊಳಗೆ ಮುಂದಿನ ಪುಟ ತೆರೆದೆ. ಒಂದು ಕಡೆ ಇಪ್ಪತ್ತನಾಲ್ಕು ಚಿತ್ರಗಳ ಫಲಿತಾಂಶ, ಇನ್ನೊಂದು ಕಡೆ ಕಮಲಾಪುರದ ಬಾಳೆಹಣ್ಣು, ರಸ್ತೆ, ಬಸ್ಸು, ಅಪ್ಪ, ಅವ್ವ.

"ಹನ್ನೊಂದು ನಿಜವಲ್ಲ" ಎಂದು ಹೇಳಿದೆ. ಪುಸ್ತಕದ ಕನ್ನಡದಲ್ಲೇ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರಲಿಲ್ಲ. "ಕಲಿತ ಚಿತ್ರಗಳ ಮೇಲೇ ಪರೀಕ್ಷೆ ಮಾಡಿದ್ದೇನೆ. ಹೊಸ ಚಿತ್ರ ಕೊಟ್ಟರೆ ನನ್ನ ವಿಧಾನ ಮಾಮೂಲಿಗಿಂತ ಕೆಟ್ಟದಾಗಿದೆ. ತಪ್ಪು ನನ್ನದು." ಮೇಜಿನ ಅಂಚು ಹಿಡಿದುಕೊಂಡಿದ್ದೆ.

ಗೈಡ್ ಎದ್ದು ನಿಂತು, ಹೊರಗಡೆ ತೆಗೆದ ಚಿತ್ರಗಳಲ್ಲಿ ಬೆಳಕಿನ ಸಮಸ್ಯೆ ಇರುತ್ತದೆ, ನಮ್ಮ ಭಾಗದ ಬಿಸಿಲು ನಿಮಗೆ ಗೊತ್ತೇ ಇದೆ ಎಂದು ಪರೀಕ್ಷಕರಿಗೆ ವಿವರಿಸಿದರು. ಪರೀಕ್ಷಕರು ಬಿಸಿಲಿನ ವಿಷಯ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಈ ಲ್ಯಾಬಿನಿಂದ ಬಂದ ಹಿಂದಿನ ಪ್ರಬಂಧಗಳಲ್ಲೂ ಇದೇ ಇಪ್ಪತ್ತನಾಲ್ಕು ಚಿತ್ರಗಳೇ?" ಎಂದು ಕೇಳಿದರು. ಹಿರಿಯ ಸಹೋದ್ಯೋಗಿಗೆ ಆ ಕ್ಷಣದಲ್ಲೇ ಒಂದು ಬಹಳ ಮುಖ್ಯವಾದ ಮೆಸೇಜು ಬಂತು, ಅವರು ಮೊಬೈಲಿನೊಳಗೆ ಮುಖ ಹಾಕಿದರು.

ಪರೀಕ್ಷಕರು ನನ್ನನ್ನು ಹೊಗಳಲಿಲ್ಲ. ನನ್ನ ವಾಯಿದೆಯನ್ನು ಇನ್ನಾರು ತಿಂಗಳು ಮುಂದಕ್ಕೆ ಹಾಕಬೇಕೆಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಒಂದು ಗುಂಪಿನ ಚಿತ್ರಗಳಿಂದ ಕಲಿ, ಬೇರೆ ಗುಂಪಿನ ಮೇಲೆ ಪರೀಕ್ಷಿಸು, ಪಟ್ಟಿ ಇಟ್ಟರೆ ಅದರ ಭಾರವನ್ನೂ ಗಂಟಿಗೆ ಸೇರಿಸಿ ತೂಗು ಎಂದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಬಂದೆ. ಗೈಡ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. "ಇವರನ್ನ ಎಷ್ಟ್ ಕೈ ಹಿಡಿದು ನಡಸಿದ್ರೂ ಇಷ್ಟೇ ನೋಡ್ರಿ. ನಾ ಮೊದಲೇ ಅಂದಿದ್ದೆ" ಎಂದು ಅವರು ಯಾರಿಗೋ ಹೇಳುತ್ತಿದ್ದರು. ಇವರು ಎಂದರೆ ಗೌರವ ಕೊಟ್ಟು ನನ್ನೊಬ್ಬಳಿಗೇ ಹೇಳಿದ್ದಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನಾನು ಹೆದರಿದ್ದ ಮಾತು ಹೆದರಿದ ಹಾಗೇ ಬಂತು, ಅದೂ ಹತ್ತು ನಿಮಿಷದೊಳಗೆ. ಹೆಂಗಸರ ಬಾತ್‌ರೂಮಿಗೆ ಹೋಗಿ ಅತ್ತೆ.

ವಿಭಾಗ ಸುಮ್ಮನೆ ಕೂರಲಿಲ್ಲ, ತಿಂಗಳೊಳಗೆ ಸುಧಾರಣೆ ತಂದಿತು. ನೋಟಿಸ್ ಬೋರ್ಡಿನ ಮೇಲೆ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಸಂಶೋಧನಾರ್ಥಿಗಳು ಲ್ಯಾಬಿನ ಅಂಗೀಕೃತ ಚಿತ್ರಗಳನ್ನು ಬಿಟ್ಟು ಹೊರಗಿನ ಯಾವುದೇ ಚಿತ್ರವನ್ನು ಗೈಡ್ ಅವರ ಲಿಖಿತ ಅನುಮತಿ ಇಲ್ಲದೆ ಬಳಸತಕ್ಕದ್ದಲ್ಲ. ಆ ವರ್ಷದ ಖಂಡೇ ಪೂಜೆಗೆ ಪೆನ್‌ಡ್ರೈವಿಗೆ ಹಾರ ಕೂಡ ಹಾಕಿದ್ದರು ಎಂದು ಕೇಳಿದೆ. ನಾನು ಹೋಗಿರಲಿಲ್ಲ.

ಅನುಮತಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ನಾನು ಗೈಡ್ ಕೋಣೆಯ ಮುಂದೆ ಹದಿನೈದು ದಿನ ನಿಂತೆ. ಪರೀಕ್ಷಕರ ಪತ್ರ ಇದ್ದುದರಿಂದ ಅವರು ಸಹಿ ಹಾಕಲೇಬೇಕಾಯಿತು. ಆಮೇಲೆ ಆರು ತಿಂಗಳು ಊರೆಲ್ಲ ಫೋಟೊ ತೆಗೆದೆ. ಶಹಾಬಜಾರದ ಬಳೆ ಅಂಗಡಿ, ಕುಸನೂರಿನ ಅರ್ಧ ಕಟ್ಟಿದ ಮನೆಗಳು, ಕಾಲೇಜಿನ ಸೈಕಲ್ ಸ್ಟ್ಯಾಂಡು, ಆಟೊಗಳ ವಿಡಿಯೊ. ಉದ್ದದ ಪಟ್ಟಿಯನ್ನು ಕಿತ್ತು ಬಿಸಾಕಿದೆ. ಹೊಸ ಪ್ರೋಗ್ರಾಮು ಏನನ್ನೂ ಮೊದಲೇ ಗೊತ್ತು ಎಂದುಕೊಳ್ಳದೆ ಶುರು ಮಾಡುತ್ತದೆ. ಬಂದದ್ದನ್ನು ನೋಡಿ ನೋಡಿ ತನ್ನ ಊಹೆ ತಿದ್ದಿಕೊಳ್ಳುತ್ತದೆ, ಗಂಟು ಬಿಚ್ಚುವ ಕಡೆಯೂ ಅದೇ ಕ್ರಮದಲ್ಲಿ ತಿದ್ದಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಎರಡು ಊಹೆ ಇಟ್ಟೆ, ಒಂದು ಬೇಗ ಮನಸ್ಸು ಬದಲಿಸುವುದು, ಇನ್ನೊಂದು ನಿಧಾನಕ್ಕೆ. ಇದು ನನ್ನ ಆವಿಷ್ಕಾರವೇನಲ್ಲ, ದೊಡ್ಡವರು ಮೊದಲೇ ಹಾಕಿದ ದಾರಿ. ಯಾವ ಊಹೆ ಎಷ್ಟು ಬೇಗ ಬದಲಾಗಬೇಕು ಎಂದು ಜಾಗ ನೋಡಿ ನಿರ್ಧರಿಸುವ ಒಂದು ಸಣ್ಣ ಭಾಗ ಮಾತ್ರ ನನ್ನದು. ಉಳಿತಾಯ ನೂರಕ್ಕೆ ಒಂದು ಪಾಲು ಕೂಡ ಪೂರಾ ಬರಲಿಲ್ಲ. ಆದರೆ ಬಂದದ್ದು ಗಿಳಿಗೂ ಬಂತು, ಬಸ್ಸಿಗೂ ಬಂತು, ಅವ್ವನ ಮುಖಕ್ಕೂ ಬಂತು.

ಅಪ್ಪನಿಗೆ ಫೋನು ಮಾಡಿ ಹೇಳಿದಾಗ, "ಒಂದೂ ಪೂರಾ ಇಲ್ಲಾ?" ಎಂದು ಕೇಳಿ, ಆಮೇಲೆ "ಇರ್ಲಿ ಬಿಡು, ದಪ್ಪ ಅಂತೂ ಆಗಿಲ್ಲಲ್ಲ" ಅಂದರು.

ಆ ಒಂದೂ ಪೂರಾ ಇಲ್ಲದ್ದಕ್ಕೆ ನನಗೆ ಪದವಿ ಬಂತು. ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ತರಿಸಿದೆ. ಗೈಡ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಹಿರಿಯ ಸಹೋದ್ಯೋಗಿ ಕಪ್ಪು ಹಿಡಿದು ನನ್ನ ಹತ್ತಿರ ಬಂದರು, ಮುಖದ ತುಂಬ ನಗೆ.

"ಅಭಿನಂದನೆಗಳು ಮೇಡಂ. ನಿಮಗ ಸಿಕ್ಕೇ ಸಿಗ್ತದ ಅಂತ ನಮಗ ಮೊದಲೇ ಗೊತ್ತಿತ್ತು ಬಿಡ್ರಿ. ಈಗಿನ ಕಾಲದಾಗ ನಿಮ್ಮವರಿಗೆ ಯಾರ್ ಇಲ್ಲ ಅಂತಾರ?"

ಆಗಲಾರದು ಎಂಬುದೂ ಅವರಿಗೆ ಮೊದಲೇ ಗೊತ್ತಿತ್ತು, ಆಯಿತು ಎಂಬುದೂ ಮೊದಲೇ ಗೊತ್ತಿತ್ತು. ನಾನು ಏನು ಮಾಡಿದರೂ ಇವರಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲವೇ? ಕಪ್ಪನ್ನು ಮೇಜಿನ ಮೇಲೆ ಇಟ್ಟೆ.

"ಸರ್, ಒಂದು ಕೇಳ್ತೀನಿ" ಅಂದೆ. "ಆ ದಿನ ಸಭಾದಾಗ ಎದ್ದು ನಿಂತು, ಹನ್ನೊಂದು ಸುಳ್ಳು ಅಂತ ನಾ ಹೇಳ್ತೀನಿ ಅನ್ನೋದು, ಅದೂ ನಿಮಗ ಮೊದಲೇ ಗೊತ್ತಿತ್ತೇನ್ರಿ?"

ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಅನಿಸಿತು. ನಾನು ಅವಸರ ಮಾಡದೆ, ಅವರ ಎದುರಿಗೇ ನಿಂತು, ಉತ್ತರಕ್ಕೆ ಕಾದೆ.